ನಲವತ್ತರ ಬದಲು ಇಪ್ಪತ್ತಾರು

ಕಳೆದ ತಿಂಗಳು ಇಬ್ಬರು ಹುಡುಗಿಯರು ಸೊಲ್ಲಾಪುರದ ನನ್ನ ಮನೆ ಹುಡುಕಿಕೊಂಡು ಬಂದರು. ಕ್ರಿಕೆಟ್ ಸ್ಕೋರರ್ ಪರೀಕ್ಷೆಗೆ ಕೂರುವವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಕೋರ್ ಬರೆದ ಮುದುಕನಿದ್ದಾನೆ, ಹೋಗಿ ಕೇಳಿ ಎಂದು ಯಾರೋ ಕಳಿಸಿದ್ದರಂತೆ. ಬೈ ಯಾವುದು, ಲೆಗ್ ಬೈ ಯಾವುದು, ನೋಬಾಲಿನಲ್ಲಿ ರನೌಟ್ ಆದರೆ ಹೇಗೆ ಬರೆಯಬೇಕು ಎಂದೆಲ್ಲ ಹೇಳಿದೆ. ಮೊಬೈಲಿನಲ್ಲಿ ಬರೆದುಕೊಂಡರು. ಎದ್ದು ಹೋಗುವಾಗ ಒಬ್ಬಳು, “ಅಜ್ಜಾ, ನಿಮ್ಮ ಕೈಲಿಂದ ಒಂದರೆ ದೊಡ್ಡ ತಪ್ಪು ಆಗಿತ್ತೇನ್ರಿ?” ಎಂದು ಕೇಳಿದಳು. ನಾನು ನಕ್ಕು ಬಾಗಿಲವರೆಗೆ ಬಂದು ಅವರನ್ನು ಬೀಳ್ಕೊಟ್ಟೆ. ಉತ್ತರ ಹೇಳಲಿಲ್ಲ.

ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವರಿಬ್ಬರೂ ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಒಬ್ಬಳ ತಾಯಿಗೆ ಓದಲು ಬರುತ್ತದಂತೆ. ಅವಳು ಓದಿ ಹೇಳಲಿ.

ನನ್ನ ಊರು ಅಕ್ಕಲಕೋಟೆ ತಾಲೂಕಿನ ನಾಗಣಸೂರ. ಅಲ್ಲಿ ಕನ್ನಡ ಶಾಲೆಯಲ್ಲಿ ಕಲಿತು ಸೊಲ್ಲಾಪುರಕ್ಕೆ ಬಂದು ಒಂದು ಬಟ್ಟೆ ಗಿರಣಿಯಲ್ಲಿ ಸೇರಿಕೊಂಡೆ. ಕೆಲಸಗಾರರು ಒಳಗೆ ಬಂದ ವೇಳೆ, ಹೊರಗೆ ಹೋದ ವೇಳೆ ಬರೆಯುವುದು ನನ್ನ ಕೆಲಸ. ಗಿರಣಿಗೊಂದು ಕ್ರಿಕೆಟ್ ತಂಡವಿತ್ತು. ಅದರ ಸ್ಕೋರ್ ಬರೆಯುತ್ತಿದ್ದವರು ನೇಯ್ಗೆ ಖಾತೆಯ ಇಬ್ರಾಹಿಂ ಚಾಚಾ. ನನ್ನ ಅಕ್ಷರ ದುಂಡಗಿದೆ ಎಂದು ಒಂದು ಭಾನುವಾರ ನನ್ನನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೊಂದು ಪುಸ್ತಕ ಕೈಗೆ ಕೊಟ್ಟರು. ಅಲ್ಲಿಂದ ಶುರುವಾಯಿತು.

ಚಾಚಾ ಕಲಿಸಿದ ಮೊದಲ ಪಾಠ, ಆಟ ನೋಡಬಾರದು ಎಂಬುದು. ಜನ ಚೆಂಡು ನೋಡುತ್ತಾರೆ, ಸ್ಕೋರರ್ ಅಂಪೈರನ ಕೈ ನೋಡಬೇಕು. ಅಂಪೈರ್ ಸನ್ನೆ ಮಾಡಿದ ಮೇಲೆ ಸ್ಕೋರರ್ ಕೈ ಎತ್ತಿ ತೋರಿಸಬೇಕು. ಅವನು ಕೈ ಎತ್ತುವತನಕ ಮುಂದಿನ ಚೆಂಡು ಬೀಳುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನನಗೆ ಅದರಷ್ಟು ಹೆಮ್ಮೆಯ ವಿಷಯ ಬೇರೆ ಇರಲಿಲ್ಲ. ಹನ್ನೊಂದು ಆಟಗಾರರು, ಇಬ್ಬರು ಬ್ಯಾಟ್ಸ್‌ಮನ್‌ಗಳು, ಇಬ್ಬರು ಅಂಪೈರುಗಳು ನನ್ನ ಕೈಗಾಗಿ ಕಾಯುತ್ತಿದ್ದರು.

ಆಗ ನಮ್ಮ ಕಡೆ ನಡೆಯುತ್ತಿದ್ದುದು ಹೆಚ್ಚಾಗಿ ಎರಡು ದಿನದ ಪಂದ್ಯಗಳು, ಶನಿವಾರ ಮತ್ತು ಭಾನುವಾರ. ಪಂದ್ಯ ಮುಗಿಯದಿದ್ದರೆ ಮೊದಲ ಇನಿಂಗ್ಸಿನಲ್ಲಿ ಯಾರು ಮುಂದಿದ್ದರೋ ಅವರು ಮುಂದಿನ ಸುತ್ತಿಗೆ ಹೋಗುತ್ತಿದ್ದರು. ಒಂದು ಸಲ ನಮ್ಮ ಗಿರಣಿ ತಂಡ ಮೊದಲ ಇನಿಂಗ್ಸಿನಲ್ಲಿ ಮುಂದಿತ್ತು. ಎರಡನೆಯದರಲ್ಲಿ ಒಂಬತ್ತು ವಿಕೆಟ್ ಹೋಗಿ ಸೋಲುವ ಹಂತಕ್ಕೆ ಬಂತು. ಕೊನೆಯ ಜೋಡಿಯಲ್ಲಿದ್ದವನು ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸಗಾರ. ಒಂದೂ ರನ್ ಮಾಡದೆ, ಬಿಸಿಲಿನಲ್ಲಿ ಒಂದು ತಾಸಿಗೂ ಹೆಚ್ಚು ಚೆಂಡು ತಡೆಯುತ್ತ ನಿಂತ. ನನ್ನ ಪುಸ್ತಕದಲ್ಲಿ ಬರೀ ಚುಕ್ಕೆಗಳು. ನನಗೆ ಬೇಸರ ಬಂದು ಮನಸ್ಸು ಎಲ್ಲೋ ಹೋಯಿತು. ಓವರ್ ಮುಗಿದಾಗ ಚಾಚಾ ಅವರ ಪುಸ್ತಕದಲ್ಲಿ ಆರು ಚುಕ್ಕೆ, ನನ್ನದರಲ್ಲಿ ಐದು. ಒಂದು ಚುಕ್ಕೆಯಿಂದ ಏನಾಗುತ್ತದೆ, ರನ್ನಂತೂ ಬಂದಿಲ್ಲವಲ್ಲ ಎಂದೆ.

ಚಾಚಾ ನನ್ನ ಪೆನ್ಸಿಲು ಕಸಿದುಕೊಂಡು ತಾವೇ ಆ ಚುಕ್ಕೆ ಇಟ್ಟರು. “ಒಂದ್ ಚುಕ್ಕಿ ಅಂದ್ರ ಅಲ್ಲಿ ಒಬ್ಬ ಮನುಷ್ಯಾ ಒಂದ್ ಚೆಂಡ್ ತಡದಾನ, ಬೇಟಾ. ಅವ್ನ ಮೆಹನತ್ ನುಂಗಬ್ಯಾಡ,” ಎಂದರು.

ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದೂ ಮುಂದೆ ಮಾಡಿದ್ದನ್ನು ಮಾಡಿದೆ.

ಕೆಲವು ವರ್ಷಗಳ ಮೇಲೆ ಗಿರಣಿ ಮುಚ್ಚಿತು. ಚಾಚಾ ವಿಜಯಪುರದ ಮಗಳ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ನಾನು ಒಂದು ವರ್ಷ ಕೆಲಸವಿಲ್ಲದೆ ತಿರುಗಿದೆ. ಮನೆಯಲ್ಲಿ ಹೆಂಡತಿ ಬೀಡಿ ಕಟ್ಟಿ ಸಂಸಾರ ನಡೆಸಿದಳು. ಆಗ ನನ್ನನ್ನು ಕರೆದು ಕೆಲಸ ಕೊಟ್ಟವರು ಜೋಶಿ ಸಾಹೇಬರು. ಜಿಲ್ಲೆಯ ಪಂದ್ಯಾವಳಿಗಳನ್ನು ನಡೆಸುವ ಕಚೇರಿಯ ಕಾರ್ಯದರ್ಶಿ ಅವರು. ಗಿರಣಿ ತಂಡದ ಪಂದ್ಯಗಳಲ್ಲಿ ನನ್ನ ಪುಸ್ತಕ ನೋಡಿದ್ದರು. ಸ್ಕೋರ್ ಬರೆಯಬೇಕು, ಆಟಗಾರರ ಜನನ ದಾಖಲೆ ಜೋಡಿಸಿಡಬೇಕು, ಪಂದ್ಯಗಳ ವರದಿ ಮೇಲಕ್ಕೆ ಕಳಿಸಬೇಕು, ಇದು ನೌಕರಿ. ಜೋಶಿ ಸಾಹೇಬರು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಪಂದ್ಯ ಶುರುವಾಗುವ ಮೊದಲು ಛತ್ರಿ ಹಿಡಿದು ಮೈದಾನದ ಸುತ್ತ ಒಂದು ಸಲ ನಡೆದು ಬರುತ್ತಿದ್ದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಮುಂದಿನದನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಅಷ್ಟರಲ್ಲಿ ಎರಡು ದಿನದ ಪಂದ್ಯಗಳು ಕಡಿಮೆಯಾಗಿ ಒಂದು ದಿನದ ಪಂದ್ಯಗಳು ಬಂದಿದ್ದವು. ಮೊದಮೊದಲು ಅವೂ ಸೋತವರು ಮನೆಗೆ ಹೋಗುವ ನಾಕೌಟ್ ಪದ್ಧತಿಯವು. ಬರೆಯುವವನಿಗೆ ಅದು ಸುಲಭ. ಆಮೇಲೆ ಒಂದು ವರ್ಷ ಹತ್ತೊಂಬತ್ತು ವರ್ಷದೊಳಗಿನವರ ತಾಲೂಕು ಪಂದ್ಯಾವಳಿಯನ್ನು ಲೀಗ್ ಪದ್ಧತಿಗೆ ತಂದರು. ವಿಶ್ವಕಪ್ಪಿನಲ್ಲಿ ಮಾಡುವಂತೆ ಇಲ್ಲಿಯೂ ಮಾಡೋಣ ಎಂದು. ನಾಲ್ಕು ನಾಲ್ಕು ತಂಡಗಳ ಎರಡು ಗುಂಪು. ಗುಂಪಿನಲ್ಲಿ ಪ್ರತಿಯೊಬ್ಬರೂ ಉಳಿದ ಮೂವರೊಂದಿಗೆ ಆಡಬೇಕು, ಪ್ರತಿ ಪಂದ್ಯ ನಲವತ್ತು ಓವರಿನದು. ಗುಂಪಿನಲ್ಲಿ ಮೊದಲು ಬಂದವರು ಫೈನಲ್ಲಿಗೆ. ಇಬ್ಬರು ಸಮಸಮ ಗೆದ್ದಿದ್ದರೆ ನಿವ್ವಳ ರನ್ ರೇಟ್ ನೋಡಬೇಕು. ಅಂದರೆ ನೀವು ಓವರಿಗೆ ಎಷ್ಟು ರನ್ ಹೊಡೆದಿರಿ, ಎದುರಿನವರಿಗೆ ಓವರಿಗೆ ಎಷ್ಟು ಕೊಟ್ಟಿರಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ನಿಯಮದ ಹಾಳೆ ಇಂಗ್ಲಿಷಿನಲ್ಲಿತ್ತು. ಕಷ್ಟಪಟ್ಟು ಹಾಳೆಯ ಮುಂಬದಿ ಓದಿ, ಅರ್ಥವಾಯಿತು ಎಂದುಕೊಂಡು ಫೈಲಿನಲ್ಲಿ ಇಟ್ಟೆ. ಹಿಂಬದಿಯಲ್ಲಿ ನಾಲ್ಕು ಸಾಲು ಇದ್ದವು. ಹಾಳೆ ತಿರುಗಿಸಲಿಲ್ಲ.

ಆ ವರ್ಷ ಅಕ್ಕಲಕೋಟೆ ತಂಡದಲ್ಲಿ ಮಲ್ಲಿನಾಥ ಎಂಬ ಹುಡುಗನಿದ್ದ. ಎಡಗೈ ಸ್ಪಿನ್ನರ್. ಅವನ ಊರು ನಾಗಣಸೂರದ ಪಕ್ಕದ್ದೇ. ಮೈದಾನದಲ್ಲಿ ಎಲ್ಲರ ಮಾತೂ ಮರಾಠಿ. ಪಂದ್ಯ ಮುಗಿದ ಮೇಲೆ ಅವನು ನನ್ನ ಮೇಜಿನ ಹತ್ತಿರ ಬಂದು, ಕಾಕಾ, ನನ್ನದು ಎಷ್ಟಾಯಿತು ಎಂದು ಕನ್ನಡದಲ್ಲಿ ಕೇಳುತ್ತಿದ್ದ. ನಾನು ಓದಿ ಹೇಳುತ್ತಿದ್ದೆ. ವಿಕೆಟ್ ಬಂದ ದಿನವೂ ಬಾರದ ದಿನವೂ ಒಂದೇ ತರಹ ತಲೆ ಆಡಿಸಿ ಹೋಗುತ್ತಿದ್ದ. ಅವನು ಚೆಂಡು ಹಾಕುವಾಗ ನಾನು ಚಾಚಾರ ಮಾತು ಮೀರಿ ಅಂಪೈರನ ಕೈ ಬಿಟ್ಟು ಚೆಂಡು ನೋಡುತ್ತಿದ್ದೆ. ಗಾಳಿಯಲ್ಲಿ ಸ್ವಲ್ಪ ನಿಂತಂತಾಗಿ ಬೀಳುವ ಚೆಂಡು ಅದು. ಫೈನಲ್ ನೋಡಲು ಪುಣೆಯಿಂದ ಆಯ್ಕೆದಾರರು ಬರುತ್ತಾರೆ, ಒಳ್ಳೆಯವರನ್ನು ರಾಜ್ಯದ ಶಿಬಿರಕ್ಕೆ ಕರೆಯುತ್ತಾರೆ ಎಂಬ ಸುದ್ದಿ ಇತ್ತು. ಅವರು ಮಲ್ಲಿನಾಥನನ್ನು ಒಂದು ಸಲ ನೋಡಿದರೆ ಸಾಕು ಎಂದು ಜೋಶಿ ಸಾಹೇಬರೇ ನನ್ನೆದುರು ಅಂದಿದ್ದರು.

ಗುಂಪಿನ ಕೊನೆಯ ಪಂದ್ಯ ಅಕ್ಕಲಕೋಟೆಗೂ ಸೊಲ್ಲಾಪುರ ನಗರ ತಂಡಕ್ಕೂ. ನಗರದವರು ಅದುವರೆಗೆ ಎರಡೂ ಪಂದ್ಯ ದೊಡ್ಡದಾಗಿ ಗೆದ್ದಿದ್ದರು. ಅಕ್ಕಲಕೋಟೆಯವರು ಒಂದು ಗೆದ್ದು ಒಂದು ಸೋತಿದ್ದರು. ಅವತ್ತು ಮಲ್ಲಿನಾಥ ಆರು ವಿಕೆಟ್ ತೆಗೆದ. ನಗರ ತಂಡ ನೂರಾ ನಾಲ್ಕು ರನ್ನಿಗೆ ಇಪ್ಪತ್ತಾರು ಓವರಿನಲ್ಲಿ ಎಲ್ಲರೂ ಔಟ್. ಅಕ್ಕಲಕೋಟೆ ಆ ರನ್ನನ್ನು ಬೇಗನೆ ಹೊಡೆದು ಗೆದ್ದಿತು. ಈಗ ಎರಡೂ ತಂಡಗಳಿಗೆ ಎರಡೆರಡು ಗೆಲುವು. ಇಬ್ಬರಲ್ಲಿ ಯಾರು ಯಾರನ್ನು ಸೋಲಿಸಿದರು ಎಂಬುದಕ್ಕೆ ನಿಯಮದಲ್ಲಿ ಬೆಲೆ ಇರಲಿಲ್ಲ. ರನ್ ರೇಟೇ ತೀರ್ಮಾನ.

ನಾನು ಪೆವಿಲಿಯನ್ನಿನ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದೆ. ನೂರಾ ನಾಲ್ಕನ್ನು ಇಪ್ಪತ್ತಾರರಿಂದ ಭಾಗಿಸಿದರೆ ಸರಿಯಾಗಿ ನಾಲ್ಕು. ಶೇಷ ಉಳಿಯದ ಭಾಗಾಕಾರ ಬಂತೆಂದು ಖುಷಿಯಾಗಿತ್ತು, ಇಂದಿಗೂ ನೆನಪಿದೆ. ಮೂರೂ ಪಂದ್ಯಗಳದ್ದನ್ನು ಸೇರಿಸಿ, ಕೂಡಿ ಕಳೆದು ನೋಡಿದಾಗ ನಗರ ತಂಡ ಕೂದಲೆಳೆಯಷ್ಟು ಮುಂದಿತ್ತು. ಹಾಳೆ ಒಯ್ದು ಸಾಹೇಬರಿಗೆ ಕೊಟ್ಟೆ. ಸರಿಯಾಗಿದೆಯಲ್ಲ ಎಂದು ಕೇಳಿದರು. ಎರಡು ಸಲ ನೋಡಿದ್ದೇನೆ ಎಂದೆ. ಅದು ನಿಜ, ಎರಡು ಸಲ ನೋಡಿದ್ದೆ. ಅವರು ಧ್ವನಿವರ್ಧಕದಲ್ಲಿ ನಗರ ತಂಡದ ಹೆಸರು ಓದಿದರು.

ಅವತ್ತು ಮಲ್ಲಿನಾಥ ಮೇಜಿನ ಹತ್ತಿರ ಬರಲಿಲ್ಲ.

ಎರಡು ದಿನದ ಮೇಲೆ ಫೈನಲ್ ನಡೆಯಿತು. ಆಯ್ಕೆದಾರರು ಬಂದರು, ನಗರ ತಂಡದ ಇಬ್ಬರನ್ನು ಶಿಬಿರಕ್ಕೆ ಆರಿಸಿ ಹೋದರು. ಅವರೂ ಒಳ್ಳೆಯ ಆಟಗಾರರೇ, ಅದರಲ್ಲಿ ಸುಳ್ಳಿಲ್ಲ. ಅದಾದ ಎಂಟು ದಿನಕ್ಕೆ ನಾನು ಪಂದ್ಯಾವಳಿಯ ವರದಿ ಮೇಲಕ್ಕೆ ಕಳಿಸಲು ಕೂತೆ. ನಿಯಮದ ಹಾಳೆಯನ್ನೂ ಜೊತೆಗೆ ಲಗತ್ತಿಸಬೇಕಿತ್ತು. ಫೈಲಿನಿಂದ ತೆಗೆಯುವಾಗ ಅದು ಕೈಜಾರಿ ನೆಲಕ್ಕೆ ಬಿತ್ತು. ಬಗ್ಗಿ ನೋಡಿದರೆ ಹಿಂಬದಿ ಮೇಲಾಗಿತ್ತು. ತಂಡ ತನ್ನ ಓವರುಗಳು ಮುಗಿಯುವ ಮೊದಲೇ ಎಲ್ಲರೂ ಔಟಾದರೆ, ಆಡಿದ ಓವರುಗಳಿಂದಲ್ಲ, ಅದಕ್ಕೆ ಸಿಗಬೇಕಾದ ಪೂರ್ತಿ ಓವರುಗಳಿಂದ ಭಾಗಿಸಬೇಕು ಎಂದು ಅಲ್ಲಿ ಬರೆದಿತ್ತು.

ನಾನು ಭಾಗಿಸಬೇಕಾಗಿದ್ದುದು ನಲವತ್ತರಿಂದ. ನಗರ ತಂಡದ ಆ ದಿನದ ರೇಟು ನಾಲ್ಕಲ್ಲ, ಎರಡೂವರೆಯ ಆಸುಪಾಸು. ಅದೇ ಅಂಕಿ ಅಕ್ಕಲಕೋಟೆಯವರು ಕೊಟ್ಟ ರನ್ನಿನ ಲೆಕ್ಕದಲ್ಲೂ ಇತ್ತು. ಹಾಗಾಗಿ ಅವರಿಗೆ ಎರಡು ಕಡೆಯಿಂದ ಪೆಟ್ಟು. ಮಲ್ಲಿನಾಥ ಎಷ್ಟು ಬೇಗ ನಗರದವರನ್ನು ಔಟ್ ಮಾಡಿದನೋ, ನನ್ನ ಕಾಗದದಲ್ಲಿ ಅವರ ರೇಟು ಅಷ್ಟು ಮೇಲೇರಿತು. ಅವನು ಕೆಟ್ಟದಾಗಿ ಚೆಂಡು ಹಾಕಿ, ಅವರು ನಲವತ್ತೂ ಓವರ್ ತೆವಳಿಕೊಂಡು ಆಡಿ ಅಷ್ಟೇ ರನ್ ಮಾಡಿದ್ದರೆ ಅಕ್ಕಲಕೋಟೆ ಫೈನಲ್ಲಿಗೆ ಹೋಗುತ್ತಿತ್ತು.

ಆ ಹಾಳೆ ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದೆ. ಅವರು ಓದಿದರು, ನನ್ನ ಲೆಕ್ಕ ನೋಡಿದರು, ಕನ್ನಡಕ ತೆಗೆದಿಟ್ಟರು. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ ಮಾತಾಡಿದರು. ಟ್ರೋಫಿ ಕೊಟ್ಟಾಗಿದೆ, ಆಯ್ಕೆದಾರರು ಹೋಗಿದ್ದಾರೆ, ಶಿಬಿರ ಶುರುವಾಗಿದೆ. ಈಗ ಹೇಳಿದರೆ ಗೆದ್ದವರಿಂದ ಕಸಿದುಕೊಂಡಂತಾಗುತ್ತದೆ, ಸೋತವರಿಗೆ ಏನೂ ಸಿಗುವುದಿಲ್ಲ. ಹುಡುಗರು ಇನ್ನೂ ಚಿಕ್ಕವರು, ಮುಂದಿನ ವರ್ಷ ಆಡುತ್ತಾರೆ. ಆಗ ಆ ಮಲ್ಲಿನಾಥನ ವಿಷಯ ನಾನೇ ನೋಡಿಕೊಳ್ಳುತ್ತೇನೆ ಎಂದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಚಹಾ ತರಿಸಿದರು.

ಮುಂದಿನ ವರ್ಷ ಮಲ್ಲಿನಾಥ ಆಡುವಂತಿರಲಿಲ್ಲ. ಅವನ ಜನನ ದಾಖಲೆ ಫೈಲಿನಲ್ಲಿ ಜೋಡಿಸಿದವನು ನಾನೇ. ಮುಂದಿನ ಹಂಗಾಮಿಗೆ ಅವನ ವಯಸ್ಸು ಮೀರುತ್ತಿತ್ತು. ಅದು ಸಾಹೇಬರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಿರಣಿ ಮುಚ್ಚಿದ ವರ್ಷ ಕಣ್ಣೆದುರು ಬಂತು. ಕರೆದು ಕೆಲಸ ಕೊಟ್ಟವರು ಮುಂದೆ ಕೂತಿದ್ದರು. ಚಹಾ ಕುಡಿದು ಹೊರಗೆ ಬಂದೆ. ವರದಿ ಇದ್ದಂತೆಯೇ ಹೋಯಿತು. ಮೇಲಿನವರೂ ಯಾರೂ ನೋಡಲಿಲ್ಲ.

ಅದಾದ ಮೇಲೆ ನಾನು ಬಹಳ ಜಾಗರೂಕನಾದೆ. ಯಾವ ಪಂದ್ಯಾವಳಿ ಬಂದರೂ ನಿಯಮದ ಹಾಳೆಯ ಎರಡೂ ಕಡೆ ಓದುತ್ತಿದ್ದೆ, ಅರ್ಥವಾಗದ್ದನ್ನು ಇನ್ನೊಬ್ಬರಿಂದ ಓದಿಸುತ್ತಿದ್ದೆ. ಜನ ನನ್ನನ್ನು ತಪ್ಪಿಲ್ಲದ ಮನುಷ್ಯ ಎಂದು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಇಪ್ಪತ್ತು ಓವರಿನ ಆಟ ಬಂದಾಗ ಎಲ್ಲ ಪದ್ಧತಿಯೂ ಬದಲಾಯಿತು. ಹಳ್ಳಿಗಳಲ್ಲಿ ಟೆನಿಸ್ ಚೆಂಡಿನ ಪಂದ್ಯಾವಳಿಗಳು ಎದ್ದವು, ಹನ್ನೆರಡು ಓವರ್, ಎಂಟು ಓವರ್, ಆರು ಓವರ್. ರಜೆಯ ದಿನ ನಾನು ಅಲ್ಲಿಗೂ ಹೋಗುತ್ತಿದ್ದೆ. ಒಂದು ಊರಿನಲ್ಲಿ ಹನ್ನೆರಡು ಓವರಿನ ಫೈನಲ್ ನಡೆದಿತ್ತು. ಮೊದಲು ಆಡುವವರು ಹನ್ನೆರಡು ಓವರಿನ ಅಂದಾಜಿನಲ್ಲಿ ನಿಧಾನವಾಗಿ ಶುರುಮಾಡಿದ್ದರು. ಐದನೆಯ ಓವರ್ ಮುಗಿಯುವಾಗ ಮುಖ್ಯ ಅತಿಥಿಗಳ ಗಾಡಿ ಬಂತು. ಅವರಿಗೆ ಬೇರೆ ಕಾರ್ಯಕ್ರಮವಿದೆ, ಬೇಗ ಬಹುಮಾನ ಕೊಟ್ಟು ಹೋಗಬೇಕು ಎಂದು ಸಂಘಟಕರು ಮೈದಾನಕ್ಕೆ ಬಂದು ಪಂದ್ಯವನ್ನು ಆರು ಓವರಿಗೆ ಇಳಿಸಿಬಿಟ್ಟರು. ಆಡುತ್ತಿದ್ದವರಿಗೆ ಉಳಿದದ್ದು ಒಂದು ಓವರ್. ಅವರು ಸೋತರು. ಅವತ್ತು ನಾನು ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಸಂಘಟಕರು ಬೈದರು, ಮತ್ತೆ ಕರೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಎದೆ ಹಗುರವಾಗಿತ್ತು. ಆದರೆ ಅದು ಕೈತಪ್ಪಿದರೂ ಸಂಸಾರ ನಡೆಯುವಂಥ ಕೆಲಸ. ನೌಕರಿ ಇದ್ದ ಜಾಗದಲ್ಲಿ ನಾನು ಹಾಗೆ ನಿಂತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಲ್ಯಾಪ್‌ಟಾಪ್ ಬಂತು. ಚೆಂಡಿಗೊಂದು ಸಲ ಒತ್ತಿದರೆ ರನ್ ರೇಟನ್ನು ಅದೇ ತೋರಿಸುತ್ತದೆ. ಯಾರು ಎಷ್ಟು ಓವರಿನಲ್ಲಿ ಔಟಾದರೂ ಅದು ಪೂರ್ತಿ ಓವರುಗಳಿಂದಲೇ ಭಾಗಿಸುತ್ತದೆ. ನಾನು ಅದನ್ನು ಎರಡು ಹಂಗಾಮಿನಲ್ಲಿ ಕಲಿತು, ನಿವೃತ್ತನಾದೆ. ಜೋಶಿ ಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಹೋದ ಸಲ ವಿಶ್ವಕಪ್ ನಡೆದಾಗ ನಮ್ಮ ಓಣಿಯ ಚಹಾದ ಅಂಗಡಿಯಲ್ಲಿ ಟಿವಿ ಹಚ್ಚಿದ್ದರು. ಯಾವ ತಂಡ ಸೆಮಿಫೈನಲ್ಲಿಗೆ ಹೋಗುತ್ತದೆ, ರನ್ ರೇಟ್ ಎಂದರೇನು ಎಂದು ಜಗಳ ಹತ್ತಿತ್ತು. ನನ್ನನ್ನು ಕೇಳಿದರು. ಒಂದು ಹಾಳೆ ತೆಗೆದುಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ಎಲ್ಲರೂ ಔಟಾದರೆ ಪೂರ್ತಿ ಓವರಿನಿಂದ ಭಾಗಿಸಬೇಕು, ಇದನ್ನು ಮರೆಯಬೇಡಿ ಎಂದೂ ಹೇಳಿದೆ. ಎಷ್ಟು ಚೆನ್ನಾಗಿ ತಿಳಿಸಿದಿರಿ ಎಂದು ಒಬ್ಬರು ಕೈ ಮುಗಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಮರುದಿನ, ಇಷ್ಟು ವರ್ಷ ಎತ್ತಿಟ್ಟಿದ್ದ ಆ ಹಳೆಯ ಲೆಕ್ಕದ ನಕಲು ಜೇಬಿನಲ್ಲಿಟ್ಟುಕೊಂಡು ಅಕ್ಕಲಕೋಟೆಯ ಬಸ್ ಹತ್ತಿದೆ.

ಮಲ್ಲಿನಾಥನದು ಅಕ್ಕಲಕೋಟೆಯಲ್ಲಿ ಮೋಟಾರ್‌ಸೈಕಲ್ ರಿಪೇರಿಯ ಗ್ಯಾರೇಜು. ನಲವತ್ತು ದಾಟಿದ್ದಾನೆ, ಮೈ ತುಂಬಿಕೊಂಡಿದೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. “ಗುರುಪಾದ ಕಾಕಾ ಅಲ್ಲೇನ್ರಿ? ಬರ್ರಿ, ಕುಂಡ್ರಿ,” ಎಂದು ಸ್ಟೂಲು ಒರೆಸಿಕೊಟ್ಟ. ಚಹಾಕ್ಕೆ ಹೇಳಿದ. ಮನೆ, ಮಕ್ಕಳು, ಮಳೆ ಎಂದು ಸ್ವಲ್ಪ ಹೊತ್ತು ಮಾತಾಡಿದೆವು. ಆಟದ ಮಾತು ಅವನು ಎತ್ತಲಿಲ್ಲ. ನಾನೇ ಎತ್ತಿದೆ.

“ಮಲ್ಲಿನಾಥ, ಆ ವರ್ಷ ಫೈನಲ್‌ಗೆ ಹೋಗಬೇಕಾದವ್ರು ನೀವು. ನನ್ನ ಲೆಕ್ಕ ತಪ್ಪಿತ್ತು. ಎಂಟ್ ದಿನಕ್ಕ ನನಗ ಗೊತ್ತಾತು. ಗೊತ್ತಾದ ಮ್ಯಾಲೂ ಸುಮ್ನ ಕುಂತೆ.”

ಅವನು ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ. ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದೊಂದೇ ಬೆರಳು ಒರೆಸಿ ಮುಗಿಸಿದ.

“ಪ್ರಕಾಶನ ಅಣ್ಣ ಅವತ್ತ ಹೇಳಿದ್ದ,” ಎಂದ. ಪ್ರಕಾಶ ಅವರ ತಂಡದ ನಾಯಕ. ಅವನ ಅಣ್ಣ ಗಣಿತದ ಮಾಸ್ತರನಂತೆ, ಆ ಪಂದ್ಯ ನೋಡಲು ಬಂದಿದ್ದನಂತೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೂತು ತಾನೇ ಲೆಕ್ಕ ಹಾಕಿ, ಇದು ತಪ್ಪಿದೆ, ಈಗಲೇ ಆಫೀಸಿಗೆ ಹೋಗಿ ಕೇಳೋಣ ಎಂದನಂತೆ. ಹುಡುಗರೆಲ್ಲ ಎದ್ದು ನಿಂತಿದ್ದರಂತೆ.

“ಮತ್ತ ಯಾಕ ಬರಲಿಲ್ಲ?” ಎಂದು ಕೇಳಿದೆ.

“ನಾನ ಬ್ಯಾಡಂದೆ. ಗುರುಪಾದ ಕಾಕಾ ಬರದಾರ, ತಪ್ಪಿರಂಗಿಲ್ಲ ಅಂದೆ. ನಮ್ಮ ಕಡೀ ಮನುಷ್ಯಾ, ಅವ್ರ ಮ್ಯಾಲ ತಕರಾರ ಮಾಡೂದು ಬ್ಯಾಡ ಅಂದೆ. ಅಷ್ಟರಾಗ ಬಸ್ ಬಂತು. ಹತ್ತಿ ಬಂದ್ವಿ.”

ಫೈನಲ್ಲಿಗೆ ಆಗ ಇನ್ನೂ ಎರಡು ದಿನವಿತ್ತು. ಅವರು ಬಂದು ಕೇಳಿದ್ದರೆ ನಾನು ಹಾಳೆ ತೆಗೆಯುತ್ತಿದ್ದೆ, ತಿರುಗಿಸಿಯೂ ನೋಡುತ್ತಿದ್ದೆ. ನನ್ನನ್ನು ನಂಬಿದ ಒಬ್ಬನೇ ಹುಡುಗ ಅವರನ್ನು ತಡೆದು ನಿಲ್ಲಿಸಿದ್ದ. ಇಷ್ಟು ವರ್ಷ ನಾನು ಅವನ ನಷ್ಟವನ್ನು ನೆನೆದು ಕೊರಗಿದ್ದೆ. ಅವನು ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದ ಎಂಬುದು ಮಾತ್ರ ಗೊತ್ತಿರಲಿಲ್ಲ. ಜೇಬಿನಿಂದ ಲೆಕ್ಕದ ನಕಲು ಹೊರಗೆ ತೆಗೆದೆ.

ಅವನು ಗೋಡೆಯ ಕ್ಯಾಲೆಂಡರಿನ ಹಳೆಯ ತಿಂಗಳ ಹಾಳೆ ಹರಿದು, ಹಿಂದಿನ ಬಿಳಿ ಪುಟ ಮೇಲೆ ಮಾಡಿ ನನ್ನ ಮುಂದಿಟ್ಟ. “ಮಾಡಿ ತೋರಸ್ರಿ,” ಎಂದ.

ನಕಲು ನೋಡಿಕೊಂಡು ಮಾಡಿದೆ. ಮೂರು ಪಂದ್ಯ, ಎರಡು ತಂಡ. ಅಂಕಿಗಳು ಸೊಟ್ಟಗಾದವು. ಅವನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪ್ರತಿಯೊಂದನ್ನೂ ಫೋನಿನಲ್ಲಿ ಭಾಗಿಸಿ ತಾಳೆ ನೋಡಿದ. ನೂರಾ ನಾಲ್ಕರ ಹತ್ತಿರ ಬಂದಾಗ, ಇಲ್ಲಿ ನಲವತ್ತಲ್ಲವೇ ಎಂದು ಕೇಳಿದ. ಹೌದು, ಪೂರ್ತಿ ನಲವತ್ತು ಎಂದೆ. ಕೊನೆಯ ಅಂಕಿ ಬಂದಾಗ ಅಕ್ಕಲಕೋಟೆ ಬಹಳ ಮುಂದಿತ್ತು. ಅವನು ಆ ಅಂಕಿಯನ್ನೇ ನೋಡುತ್ತ ಕೂತ.

“ಪ್ರಕಾಶ ಇವತ್ತಿಗೂ ನನ್ನ ಕೂಡ ಮಾತಾಡಂಗಿಲ್ಲ, ಕಾಕಾ. ನೀ ತಡದಿ, ನಿನ್ನ ಸಲುವಾಗಿ ಹೋತು ಅಂತಾನ. ನನ್ನ ಲಗ್ನಕ್ಕೂ ಬರಲಿಲ್ಲ,” ಎಂದ.

ಆಮೇಲೆ ಫೋನು ಹಚ್ಚಿದ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದರು. ಗುರುಪಾದ ಕಾಕಾ ಬಂದಿದ್ದಾರೆ ಎಂದು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಯಾರೆಂದು ಹೇಳಿದೆ. ನಿಮ್ಮ ಅಣ್ಣನ ಲೆಕ್ಕ ಸರಿ ಇತ್ತು, ತಪ್ಪು ನನ್ನದು, ಗೊತ್ತಾದ ಮೇಲೂ ಮುಚ್ಚಿಟ್ಟವನು ನಾನು, ಮಲ್ಲಿನಾಥನದು ಇದರಲ್ಲಿ ಏನೂ ಇಲ್ಲ ಎಂದೆ. ಅವನು ನನ್ನನ್ನು ಬೈಯಲಿಲ್ಲ. “ಮಲ್ಲೂನ ಕೈಯಾಗ ಕೊಡ್ರಿ,” ಎಂದ.

ಮಲ್ಲಿನಾಥ ಫೋನು ತೆಗೆದುಕೊಂಡು ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ಹೋಗಿ ನಿಂತ. ನನಗೆ ಬೆನ್ನು ಮಾಡಿಕೊಂಡು ಮಾತಾಡಿದ. ಮಾತು ಕೇಳಿಸುತ್ತಿರಲಿಲ್ಲ. ಚಹಾ ಬಂದು ಆರಿತು. ಒಬ್ಬ ಗಿರಾಕಿ ಬಂದು ಗಾಡಿ ನಿಲ್ಲಿಸಿ, ಕಾದು, ಮತ್ತೆ ಬರುತ್ತೇನೆ ಎಂದು ಹೋದ.

ಅವನು ತಿರುಗಿ ಬಂದಾಗ ಕಣ್ಣು ಕೆಂಪಗಿದ್ದವು. “ಐತ್ವಾರ ಬರ್ತಾನಂತ, ಮನಿಗೆ,” ಎಂದಷ್ಟೇ ಹೇಳಿದ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅವನು ಕೈ ಅಡ್ಡ ಮಾಡಿದ. ಬೇಡ ಎಂದೋ, ಈಗ ಬೇಡ ಎಂದೋ ನನಗೆ ತಿಳಿಯಲಿಲ್ಲ. ಲೆಕ್ಕದ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಗಾಡಿ ತೆಗೆದು, ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಹೋದ.